ಮಗುವಿನ ಕರುಳಿನ ಪಾಲಿಪ್: ಯಾವಾಗ ನೋಡಬೇಕು, ಎಲ್ಲಿಯವರೆಗೆ ಕಾಯಬಹುದು

1895ರಲ್ಲಿ ಲಂಡನ್ನಿನ ವೈದ್ಯರೊಬ್ಬರು ಇಬ್ಬರು ಅವಳಿ ಹುಡುಗಿಯರ ಬಗ್ಗೆ ಬರೆದರು. ಇಬ್ಬರ ತುಟಿಯ ಮೇಲೂ ಕರಿ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳಿದ್ದವು. ಅವು ಯಾಕೆ ಬಂದವು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಅವರಲ್ಲಿ ಒಬ್ಬಳು 20ನೇ ವಯಸ್ಸಿಗೆ ಕರುಳು ಸಿಕ್ಕಿಕೊಂಡು ತೀರಿಕೊಂಡಳು. ಇನ್ನೊಬ್ಬಳು 52ನೇ ವಯಸ್ಸಿಗೆ ಸ್ತನ ಕ್ಯಾನ್ಸರ್‌ನಿಂದ ಹೋದಳು.

ಅವರಿಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ. 1921ರಲ್ಲಿ ನೆದರ್ಲೆಂಡ್ಸ್‌ನ ಪ್ಯೂಟ್ಸ್, 1949ರಲ್ಲಿ ಅಮೆರಿಕದ ಜೆಗರ್ಸ್ ಅದನ್ನು ಸರಿಯಾಗಿ ಗುರುತಿಸಿದ ಮೇಲೆ ಇಬ್ಬರ ಹೆಸರೂ ಸೇರಿ ಪ್ಯೂಟ್ಸ್-ಜೆಗರ್ಸ್ ಸಿಂಡ್ರೋಮ್ ಆಯಿತು. ಆ ಅಕ್ಕತಂಗಿಯರ ಕಥೆ ನನ್ನ ಮನಸ್ಸಿನಲ್ಲಿ ಉಳಿಯಲು ಒಂದು ಕಾರಣವಿದೆ. ಒಂದೇ ಜೀನು, ಒಂದೇ ಮನೆ, ಆದರೂ ಅಪಾಯ ಬಂದದ್ದು ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ಜಾಗದಲ್ಲಿ. ವಂಶದಲ್ಲಿ ಬರುವ ಕರುಳಿನ ಪಾಲಿಪ್‌ಗಳನ್ನು ನೋಡಿಕೊಳ್ಳುವುದು ಅಂದರೆ ಮುಖ್ಯವಾಗಿ ಇದೇ ಕೆಲಸ: ಯಾವ ಅಪಾಯ ಯಾವ ವಯಸ್ಸಿಗೆ ಬರುತ್ತದೆ ಅಂತ ತಿಳಿದು, ಅದಕ್ಕಿಂತ ಸ್ವಲ್ಪ ಮುಂಚೆ ಅಲ್ಲಿ ಹೋಗಿ ನಿಲ್ಲುವುದು. ತುಂಬಾ ಮುಂಚೆ ಹೋದರೆ ಮಗುವಿಗೆ ಸುಮ್ನೆ ಹಿಂಸೆ. ತಡವಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮೊದಲು ಒಂದು ಸಮಾಧಾನದ ಮಾತು. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು. ಕೆಲವಕ್ಕೆ ಅಣಬೆಯ ಹಾಗೆ ತೊಟ್ಟು ಇರುತ್ತದೆ. ಮೂರ್ನಾಲ್ಕು ವರ್ಷದ ಮಗುವಿಗೆ ನೋವಿಲ್ಲದೆ ಮೋಷನ್ ಜೊತೆ ಕೆಂಪು ರಕ್ತ ಬಿದ್ದರೆ, ಒಳಗೆ ಜುವೆನೈಲ್ ಅನ್ನುವ ಜಾತಿಯ ಒಂದೇ ಒಂದು ಪಾಲಿಪ್ ಇರುವ ಸಾಧ್ಯತೆ ಸಾಕಷ್ಟಿದೆ. ಕೊಲೊನೋಸ್ಕೊಪಿ ಮಾಡಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆಯನ್ನು ದೊಡ್ಡ ಕರುಳಿಗೆ ಬಿಟ್ಟು ನೋಡಿ, ತಂತಿಯ ಕುಣಿಕೆ ಹಾಕಿ ಅದನ್ನು ತೆಗೆದರೆ ಮುಗಿಯಿತು. ಅದು ವಂಶದ ಕಾಯಿಲೆಯಲ್ಲ, ಕ್ಯಾನ್ಸರೂ ಅಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಇದನ್ನು ಮೂಲವ್ಯಾಧಿ ಅಂತಲೋ ಜಂತುಹುಳು ಅಂತಲೋ ಆಮಶಂಕೆ ಅಂತಲೋ ತಿಂಗಳುಗಟ್ಟಲೆ ಔಷಧಿ ಕೊಡುತ್ತಾ ಹೋಗುತ್ತಾರೆ. ಸಣ್ಣ ಮಕ್ಕಳಿಗೆ ಮೂಲವ್ಯಾಧಿ ಬರುವುದು ಅಪರೂಪ. ಮತ್ತೆ ಮತ್ತೆ ರಕ್ತ ಬೀಳುತ್ತಿದ್ದರೆ ಮಕ್ಕಳ ಹೊಟ್ಟೆ ತಜ್ಞರಿಗೆ ತೋರಿಸಲೇಬೇಕು.

ತೆಗೆದ ಪಾಲಿಪ್ ಅನ್ನು ಬಯಾಪ್ಸಿಗೆ ಕಳಿಸಲೇಬೇಕು, ದೊಡ್ಡ ಕರುಳನ್ನು ಪೂರ್ತಿ ನೋಡಲೇಬೇಕು. ಒಂದೇ ಇದ್ದರೆ ಸರಿ. ಐದು ಅಥವಾ ಅದಕ್ಕಿಂತ ಜಾಸ್ತಿ ಜುವೆನೈಲ್ ಪಾಲಿಪ್ ಇದ್ದರೆ, ಹೊಟ್ಟೆಯ ಬೇರೆ ಭಾಗದಲ್ಲೂ ಇದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಇದೇ ಕಾಯಿಲೆ ಇದ್ದರೆ ವಿಷಯ ಬದಲಾಗುತ್ತದೆ. ಆಗ ಇಡೀ ಮನೆತನದ ಲೆಕ್ಕ ತೆಗೆಯಬೇಕಾಗುತ್ತದೆ.

ಯುರೋಪಿನ ಮಕ್ಕಳ ಹೊಟ್ಟೆ ತಜ್ಞರ ಸಂಘ ಎಸ್ಪ್‌ಗಾನ್ 2019ರಲ್ಲಿ ಈ ಬಗ್ಗೆ ಮೂರು ಬೇರೆ ಬೇರೆ ಮಾರ್ಗಸೂಚಿ ಹೊರಡಿಸಿತು. ಮೂರು ಯಾಕೆ, ಒಂದು ಸಾಲದಾ? ಸಾಲದು. ಪಾಲಿಪ್ ಅನ್ನುವ ಪದ ಒಂದೇ ಆದರೂ ಕಾಯಿಲೆಗಳು ಬೇರೆ, ಅವುಗಳ ಗಡಿಯಾರವೂ ಬೇರೆ.

ಎಲ್ಲರೂ ಜಾಸ್ತಿ ಹೆದರುವುದು ಎಫ್‌ಎಪಿಗೆ. ಪೂರ್ತಿ ಹೆಸರು ಫ್ಯಾಮಿಲಿಯಲ್ ಅಡಿನೊಮ್ಯಾಟಸ್ ಪಾಲಿಪೋಸಿಸ್. ಸುಮಾರು 10,000 ಜನರಲ್ಲಿ ಒಬ್ಬರಿಗೆ ಬರುತ್ತದೆ. ಎಪಿಸಿ ಅನ್ನುವ ಜೀನಿನಲ್ಲಿ ದೋಷ. ಆ ಜೀನನ್ನು ಗುರುತಿಸಿದ್ದು 1991ರಲ್ಲಿ. ಹರೆಯ ಬರುವ ಹೊತ್ತಿಗೆ ದೊಡ್ಡ ಕರುಳಿನಲ್ಲಿ ಪಾಲಿಪ್‌ಗಳು ಏಳಲು ಶುರುವಾಗುತ್ತವೆ. ಮುಂದೆ ನೂರು, ಸಾವಿರ ಆಗುತ್ತವೆ. ರಾಗಿ ಹರವಿದ ಹಾಗೆ ಗೋಡೆ ತುಂಬಾ ಇದ್ದರೆ ಒಂದೊಂದೇ ಕಿತ್ತು ತೆಗೆಯಲು ಆಗುವುದಿಲ್ಲ. ಏನೂ ಮಾಡದೆ ಬಿಟ್ಟರೆ ನಲವತ್ತರ ಆಸುಪಾಸಿಗೆ ಕ್ಯಾನ್ಸರ್ ಬರುವುದು ಹೆಚ್ಚುಕಡಿಮೆ ಖಚಿತ.

ಇದನ್ನು ಓದಿದ ಅಪ್ಪ ಅಮ್ಮನಿಗೆ ಎದೆ ಒಡೆದ ಹಾಗಾಗುತ್ತದೆ. ನಾಳೆಯೇ ಐದು ವರ್ಷದ ಮಗುವಿಗೆ ಕೊಲೊನೋಸ್ಕೊಪಿ ಮಾಡಿಸೋಣ ಅನ್ನಿಸುತ್ತದೆ. ಬೇಡ. ಇಪ್ಪತ್ತು ವರ್ಷದೊಳಗೆ ಕ್ಯಾನ್ಸರ್ ಬರುವುದು ಬಹಳ ಅಪರೂಪ. ಅದಕ್ಕೇ ಎಸ್ಪ್‌ಗಾನ್ ಹೇಳುವುದು: ಎಫ್‌ಎಪಿ ಇರುವ ಮನೆಯ, ತೊಂದರೆ ಏನೂ ಇಲ್ಲದ ಮಗುವಿಗೆ ಜೀನ್ ಪರೀಕ್ಷೆಯನ್ನು 12ರಿಂದ 14 ವರ್ಷದಲ್ಲಿ ಮಾಡಿ, ಕೊಲೊನೋಸ್ಕೊಪಿಯನ್ನೂ ಆಗಲೇ ಶುರು ಮಾಡಿ, ಆಮೇಲೆ ಪಾಲಿಪ್ ಎಷ್ಟಿವೆ ಅಂತ ನೋಡಿಕೊಂಡು ಒಂದರಿಂದ ಮೂರು ವರ್ಷಕ್ಕೊಮ್ಮೆ ಮಾಡಿ. ಅಮೆರಿಕದ ಕೆಲವು ಮಾರ್ಗಸೂಚಿಗಳು 10 ವರ್ಷದಿಂದಲೇ ಶುರು ಮಾಡಬಹುದು ಅನ್ನುತ್ತವೆ. ರಕ್ತ ಬೀಳುತ್ತಿದ್ದರೆ ಮಾತ್ರ ವಯಸ್ಸು ನೋಡುವ ಹಾಗಿಲ್ಲ, ತಕ್ಷಣ ನೋಡಬೇಕು. ಎಪಿಸಿ ಜೀನಿನ 1309ನೇ ಸ್ಥಾನದಲ್ಲಿ ದೋಷವಿದ್ದರೆ ಪಾಲಿಪ್‌ಗಳು ಬೇಗ ಮತ್ತು ಜಾಸ್ತಿ ಬರುತ್ತವೆ. ಅಂಥ ಮನೆಯ ಮಕ್ಕಳ ಮೇಲೆ ಕಣ್ಣು ಸ್ವಲ್ಪ ಮುಂಚೆಯೇ ಇರಬೇಕು.

ಇಲ್ಲಿ ಬೇಡದ ಪರೀಕ್ಷೆಗಳ ಬಗ್ಗೆಯೂ ಹೇಳಬೇಕು. ಎಫ್‌ಎಪಿ ಇರುವ ಮಕ್ಕಳಲ್ಲಿ ಐದು ವರ್ಷದೊಳಗೆ ಹೆಪಟೋಬ್ಲಾಸ್ಟೋಮಾ ಅನ್ನುವ ಲಿವರ್ ಗಡ್ಡೆ ಬರುವ ಅಪಾಯ ಬೇರೆ ಮಕ್ಕಳಿಗಿಂತ ಹೆಚ್ಚು. ಆದರೂ ಒಟ್ಟು ಲೆಕ್ಕದಲ್ಲಿ ಶೇ. 2ಕ್ಕಿಂತ ಕಡಿಮೆ. ಹಾಗಾಗಿ ಎಲ್ಲ ಮಕ್ಕಳಿಗೂ ತಿಂಗಳು ತಿಂಗಳು ಸ್ಕ್ಯಾನ್ ಮಾಡಿಸಬೇಕು ಅಂತ ಎಸ್ಪ್‌ಗಾನ್ ಹೇಳುವುದಿಲ್ಲ. ಥೈರಾಯ್ಡ್ ಸ್ಕ್ಯಾನ್ ಕೂಡ ಮಕ್ಕಳಿಗೆ ಮಾಮೂಲಿಯಾಗಿ ಬೇಕಿಲ್ಲ. ಜಠರದ ಎಂಡೋಸ್ಕೊಪಿ ಸುಮಾರು 25ರಿಂದ ಸಾಕು. ಪ್ರತಿ ಪರೀಕ್ಷೆಯ ಹಿಂದೆ ಒಂದು ರಜೆ, ಒಂದು ಬಸ್ ಪ್ರಯಾಣ, ಒಂದು ಬಿಲ್ಲು ಮತ್ತು ಹೆದರಿದ ಒಂದು ಮಗು ಇರುತ್ತದೆ ಅಲ್ವಾ. ಬೇಡ ಅನ್ನಲು ಆಧಾರ ಇರುವಾಗ ಬೇಡ ಅನ್ನುವುದೂ ಚಿಕಿತ್ಸೆಯೇ.

ಈಗ ಪ್ಯೂಟ್ಸ್-ಜೆಗರ್ಸ್‌ಗೆ ಬನ್ನಿ. ಇಲ್ಲಿ ಗಡಿಯಾರ ಬೇಗ ಓಡುತ್ತದೆ. ಇದರ ಜೀನು ಎಸ್‌ಟಿಕೆ11, ಗೊತ್ತಾದದ್ದು 1998ರಲ್ಲಿ. ಪಾಲಿಪ್‌ಗಳು ಹೆಚ್ಚಾಗಿ ಸಣ್ಣ ಕರುಳಿನಲ್ಲಿ. ಬಾಲ್ಯದಲ್ಲಿ ದೊಡ್ಡ ಅಪಾಯ ಕ್ಯಾನ್ಸರ್ ಅಲ್ಲ. ಪಾಲಿಪ್ ದೊಡ್ಡದಾಗಿ, ಕರುಳು ಅದನ್ನು ಆಹಾರ ಅಂದುಕೊಂಡು ಮುಂದಕ್ಕೆ ತಳ್ಳುತ್ತದೆ. ಆಗ ಕರುಳಿನ ಒಂದು ಭಾಗವೇ ಮುಂದಿನ ಭಾಗದೊಳಗೆ ತೂರಿಕೊಳ್ಳುತ್ತದೆ, ಕಾಲುಚೀಲ ಒಳಮುಖವಾಗಿ ಮಡಚಿಕೊಂಡ ಹಾಗೆ. ಇದಕ್ಕೆ ಇಂಟಸಸೆಪ್ಷನ್ ಅನ್ನುತ್ತಾರೆ. ರಕ್ತ ಓಡಾಟ ನಿಂತು ಆ ಭಾಗ ಸಾಯಬಹುದು. 20 ವರ್ಷ ತುಂಬುವುದರೊಳಗೆ ಸುಮಾರು ಅರ್ಧದಷ್ಟು ಜನಕ್ಕೆ ಒಮ್ಮೆಯಾದರೂ ಇದು ಆಗುತ್ತದೆ. ಆ ಅವಳಿಯಲ್ಲಿ ಒಬ್ಬಳನ್ನು ಕೊಂಡೊಯ್ದದ್ದು ಇದೇ.

ಅದಕ್ಕೆ ಇಲ್ಲಿ 12 ಅಲ್ಲ, 8. ತೊಂದರೆ ಇಲ್ಲದಿದ್ದರೂ 8ನೇ ವರ್ಷಕ್ಕೆ ಜಠರ, ದೊಡ್ಡ ಕರುಳು, ಸಣ್ಣ ಕರುಳು ಮೂರನ್ನೂ ಒಮ್ಮೆ ನೋಡಬೇಕು. ಸಣ್ಣ ಕರುಳಿಗೆ ಕ್ಯಾಪ್ಸೂಲ್ ಕ್ಯಾಮೆರಾ ನುಂಗಿಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡುತ್ತಾರೆ. ಪಾಲಿಪ್ ಇದ್ದರೆ ಮೂರು ವರ್ಷಕ್ಕೊಮ್ಮೆ ಮತ್ತೆ. ಏನೂ ಇಲ್ಲದಿದ್ದರೆ 18ಕ್ಕೆ ಮತ್ತೆ, ನಡುವೆ ತೊಂದರೆ ಬಂದರೆ ಆಗಲೇ. ಒಂದೂವರೆ ಸೆಂಟಿಮೀಟರ್ ದಾಟಿದ ಪಾಲಿಪ್ ಸಣ್ಣ ಕರುಳಿನಲ್ಲಿ ಕಂಡರೆ, ನೋವು ಬರುವ ತನಕ ಕಾಯದೆ ತೆಗೆಯುವುದು ಒಳ್ಳೆಯದು. 2001ರಲ್ಲಿ ಜಪಾನಿನ ಹಿರೋನೋರಿ ಯಮಮೊಟೊ ಡಬಲ್ ಬಲೂನ್ ಎಂಟರೋಸ್ಕೊಪಿ ಅನ್ನುವ ವಿಧಾನವನ್ನು ಜಗತ್ತಿಗೆ ತೋರಿಸಿದರು. ಎರಡು ಬಲೂನುಗಳ ಸಹಾಯದಿಂದ ಉದ್ದದ ಸಣ್ಣ ಕರುಳನ್ನು ಅಂಗಿಯ ತೋಳಿನ ಹಾಗೆ ಮಡಚಿಕೊಳ್ಳುತ್ತಾ ಒಳಗೆ ಹೋಗುವ ಉಪಾಯ ಅದು. ಅದರಿಂದ ಎಷ್ಟೋ ಮಕ್ಕಳ ಹೊಟ್ಟೆ ಕೊಯ್ಯುವುದು ತಪ್ಪಿದೆ. ಇಲ್ಲದಿದ್ದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಕರುಳು ಕತ್ತರಿಸುತ್ತಾ ಹೋಗಿ, ಕೊನೆಗೆ ಊಟದ ಸತ್ವ ಹೀರಲು ಸಾಕಷ್ಟು ಕರುಳೇ ಉಳಿಯದ ಸ್ಥಿತಿ ಬರುತ್ತದೆ.

ಈ ಮಕ್ಕಳ ಮನೆಯವರಿಗೆ ಒಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಮಗುವಿಗೆ ಹೊಟ್ಟೆ ಹಿಂಡುವ ನೋವು ಬಂದು ಬಂದು ಹೋಗುತ್ತಿದ್ದರೆ, ಹಸಿರು ವಾಂತಿ ಆದರೆ, ಹೊಟ್ಟೆ ಉಬ್ಬಿದರೆ ಹರಳೆಣ್ಣೆ ಕುಡಿಸಬೇಡಿ. ದೃಷ್ಟಿ ತೆಗೆದು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ, ಹೋದ ತಕ್ಷಣ 'ಇವನಿಗೆ ಪ್ಯೂಟ್ಸ್-ಜೆಗರ್ಸ್ ಇದೆ' ಅಂತ ಹೇಳಿ. ಆ ಒಂದು ಮಾತಿನಿಂದ ಡ್ಯೂಟಿ ಡಾಕ್ಟರ್ ಯೋಚಿಸುವ ದಿಕ್ಕೇ ಬದಲಾಗುತ್ತದೆ.

ತುಟಿಯ ಚುಕ್ಕೆಗಳು ಹರೆಯ ಬಂದ ಮೇಲೆ ಮಾಸುತ್ತವೆ. ಕೆನ್ನೆಯ ಒಳಭಾಗದವು ಹೆಚ್ಚಾಗಿ ಉಳಿಯುತ್ತವೆ. ಹಾಗಾಗಿ ಮಗುವಿಗೆ ಚುಕ್ಕೆ ಇದೆ ಅಂದಾಗ ಅಪ್ಪ ಅಮ್ಮನ ಬಾಯೊಳಗೂ ಟಾರ್ಚ್ ಹಾಕಿ ನೋಡುವುದು ಜಾಣತನ. ಹುಡುಗನಿಗೆ ಎದೆ ಬೆಳೆಯುತ್ತಿದ್ದರೆ, ಹುಡುಗಿಗೆ ತೀರಾ ಬೇಗ ಮೈ ನೆರೆಯುವ ಲಕ್ಷಣ ಕಂಡರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ವೃಷಣ ಮತ್ತು ಅಂಡಾಶಯದ ಕೆಲವು ಅಪರೂಪದ ಗಡ್ಡೆಗಳು ಹೀಗೆ ಸುಳಿವು ಕೊಡುತ್ತವೆ. ನಾಚಿಕೆಯಿಂದ ಮಕ್ಕಳು ಇದನ್ನು ತಾವಾಗಿ ಹೇಳುವುದಿಲ್ಲ.

ಮೂರನೆಯದು ಜುವೆನೈಲ್ ಪಾಲಿಪೋಸಿಸ್. ಹೆಸರಿನಲ್ಲಿ ಜುವೆನೈಲ್ ಇರುವುದು ಪಾಲಿಪ್‌ನ ಜಾತಿಗೆ, ರೋಗಿಯ ವಯಸ್ಸಿಗಲ್ಲ. ಸ್ಮ್ಯಾಡ್4 ಅಥವಾ ಬಿಎಂಪಿಆರ್1ಎ ಜೀನಿನಲ್ಲಿ ದೋಷ ಸಿಗಬಹುದು, ಎಷ್ಟೋ ಜನರಲ್ಲಿ ಯಾವುದೂ ಸಿಗದೆಯೂ ಇರಬಹುದು. ಕೊಲೊನೋಸ್ಕೊಪಿ 12ರಿಂದ 15 ವರ್ಷದಲ್ಲಿ ಶುರು. ಸಿಕ್ಕ ಪಾಲಿಪ್‌ಗಳನ್ನು ತೆಗೆದು ಒಂದರಿಂದ ಐದು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸ್ಮ್ಯಾಡ್4 ದೋಷ ಇರುವವರಿಗೆ ರಕ್ತನಾಳಗಳ ಇನ್ನೊಂದು ಕಾಯಿಲೆಯೂ ಜೊತೆಗೆ ಬರಬಹುದು. ಹೆಸರು ಎಚ್‌ಎಚ್‌ಟಿ. ಮೂಗಿನಿಂದ ಪದೇ ಪದೇ ರಕ್ತ ಸೋರುತ್ತದೆ. ಶ್ವಾಸಕೋಶದೊಳಗೆ ಅಪಧಮನಿ ಮತ್ತು ಅಭಿಧಮನಿ ನೇರ ಕೂಡಿಕೊಂಡಿರಬಹುದು. ಆ ದಾರಿಯಲ್ಲಿ ರಕ್ತದ ಹೆಪ್ಪೋ ಕೀವೋ ಮೆದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು. ಅಂದರೆ ಮಲದಲ್ಲಿ ರಕ್ತ ಅಂತ ಬಂದ ಮಗುವಿನ ನಿಜವಾದ ಅಪಾಯ ಎದೆಯಲ್ಲಿ ಇರಬಹುದು. ಹೊಟ್ಟೆ ಡಾಕ್ಟರು ಮೂಗಿನ ಬಗ್ಗೆ ಕೇಳದಿದ್ದರೆ ನೀವೇ ಹೇಳಿ. ಬೇಸಿಗೆಯಲ್ಲಿ ಉಷ್ಣಕ್ಕೆ ಮೂಗಿನಲ್ಲಿ ರಕ್ತ ಬರುತ್ತೆ ಬಿಡಿ ಅಂತ ನಾವು ಸುಮ್ಮನಾಗುತ್ತೇವೆ. ಪಾಲಿಪ್ ಇರುವ ಮಗುವಿನ ವಿಷಯದಲ್ಲಿ ಆ ಸಮಾಧಾನ ಬೇಡ.

ಇನ್ನು ಜೀನ್ ಪರೀಕ್ಷೆ. ಇದರ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ. ಪರೀಕ್ಷೆ ಮೊದಲು ಮಾಡಬೇಕಾದದ್ದು ಚೆನ್ನಾಗಿರುವ ಮಗುವಿಗಲ್ಲ, ಮನೆಯಲ್ಲಿ ಈಗಾಗಲೇ ಕಾಯಿಲೆ ಇರುವವರಿಗೆ. ಅಪ್ಪನಿಗೆ ಎಫ್‌ಎಪಿ ಇದ್ದರೆ ಮೊದಲು ಅಪ್ಪನ ರಕ್ತ. ಅವರ ಜೀನಿನಲ್ಲಿ ಯಾವ ಅಕ್ಷರ ತಪ್ಪಾಗಿದೆ ಅಂತ ಸಿಕ್ಕ ಮೇಲೆ ಮಗುವಿನಲ್ಲಿ ಆ ಒಂದೇ ತಪ್ಪನ್ನು ಹುಡುಕಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಖಚಿತ. ಮಗುವಿಗೆ ಅದು ಬಂದಿಲ್ಲ ಅಂದರೆ ಆ ಮಗು ಈ ಎಲ್ಲ ಕೊಲೊನೋಸ್ಕೊಪಿಗಳಿಂದ ಪೂರ್ತಿ ಬಿಡುಗಡೆ. ಅಪ್ಪನಿಂದ ಮಗುವಿಗೆ ಬರುವ ಸಾಧ್ಯತೆ ಅರ್ಧ, ಹಾಗೇ ಬಾರದಿರುವ ಸಾಧ್ಯತೆಯೂ ಅರ್ಧ. ಎಷ್ಟೋ ಮನೆಗಳು ಪರೀಕ್ಷೆಗೆ ಹೆದರುವಾಗ ಈ ಎರಡನೇ ಅರ್ಧವನ್ನು ಮರೆಯುತ್ತವೆ.

ಅದೇ ಅಪ್ಪನ ತಪ್ಪು ಯಾವುದು ಅಂತ ಗೊತ್ತಿಲ್ಲದೆ ಮಗುವಿಗೆ ಮಾತ್ರ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ, ಅದನ್ನು ನಂಬುವ ಹಾಗಿಲ್ಲ. ಲ್ಯಾಬಿಗೆ ಹುಡುಕಲು ಆಗದ ಜಾಗದಲ್ಲಿ ತಪ್ಪು ಇರಬಹುದು. ಕೆಲವೊಮ್ಮೆ 'ಅರ್ಥ ಸ್ಪಷ್ಟವಿಲ್ಲದ ಬದಲಾವಣೆ' ಅಂತ ವರದಿ ಬರುತ್ತದೆ. ಅದನ್ನು ಹಿಡಿದು ಮಗುವಿಗೆ ಕಾಯಿಲೆ ಇದೆ ಅಂತಾಗಲಿ ಇಲ್ಲ ಅಂತಾಗಲಿ ತೀರ್ಮಾನ ಮಾಡಬಾರದು. ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡಿ ಅನ್ನುವುದು ಇದಕ್ಕೇ. 12 ವರ್ಷದ ಮಗುವನ್ನು ಆ ಮಾತುಕತೆಯಿಂದ ಹೊರಗಿಡಬಾರದು. ಅವರಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ. ಬಾಗಿಲ ಹಿಂದೆ ನಿಂತು ಅರ್ಧ ಕೇಳಿಸಿಕೊಂಡು ಹೆದರುವುದಕ್ಕಿಂತ ಎದುರು ಕೂತು ಪೂರ್ತಿ ಕೇಳುವುದು ಮೇಲು.

ಕರ್ನಾಟಕದಲ್ಲಿ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ. 'ಸಂಬಂಧದಲ್ಲಿ ಮದುವೆ ಮಾಡಿದ್ದಕ್ಕೇ ಹೀಗಾಯ್ತಾ?' 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲಿ ಆಗಿವೆ. ಹಾಗಾಗಿ ಪ್ರಶ್ನೆ ಸಹಜ. ಮೇಲೆ ಹೇಳಿದ ಮೂರೂ ಕಾಯಿಲೆಗಳಿಗೆ ಉತ್ತರ: ಇಲ್ಲ. ಅಪ್ಪ ಅಥವಾ ಅಮ್ಮ, ಒಬ್ಬರಿಂದ ಬಂದರೆ ಸಾಕು. ಎಫ್‌ಎಪಿಯಲ್ಲಂತೂ ಸುಮಾರು ಕಾಲು ಭಾಗ ಜನರಲ್ಲಿ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಬರುತ್ತದೆ. ಸೋದರಮಾವನನ್ನು ಮದುವೆಯಾದದ್ದಕ್ಕೆ ಆ ತಾಯಿಯನ್ನು ಅನ್ನುವುದು ಅನ್ಯಾಯ.

ಆದರೆ ಇನ್ನೆರಡು ಕಾಯಿಲೆಗಳಲ್ಲಿ ಸಂಬಂಧದ ಮದುವೆ ಲೆಕ್ಕಕ್ಕೆ ಬರುತ್ತದೆ. 2002ರಲ್ಲಿ ಪತ್ತೆಯಾದ ಎಂಯುಟಿವೈಎಚ್ ಜೀನಿನ ಪಾಲಿಪೋಸಿಸ್ ಒಂದು. ಇದು ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಕಾಣುತ್ತದೆ. ಇನ್ನೊಂದು ಸಿಎಂಎಂಆರ್‌ಡಿ. ಇದು ಮಕ್ಕಳಲ್ಲೇ ಬರುವ, ಅಪರೂಪದ, ಕ್ರೂರ ಕಾಯಿಲೆ. ಕರುಳಿನ ಪಾಲಿಪ್ ಜೊತೆಗೆ ಮೆದುಳಿನ ಗಡ್ಡೆ, ರಕ್ತದ ಕ್ಯಾನ್ಸರ್ ಕೂಡ ಬರಬಹುದು. ಮೈಮೇಲೆ ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳಿರುತ್ತವೆ. ಇವೆರಡರಲ್ಲೂ ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬರಬೇಕು. ಅಂಥ ಮಚ್ಚೆ, ಸಂಬಂಧದ ಮದುವೆ, ಮಗುವಿಗೆ ಅಡಿನೋಮಾ (ಎಫ್‌ಎಪಿಯಲ್ಲಿ ಬರುವಂಥ) ಜಾತಿಯ ಪಾಲಿಪ್ ಮೂರೂ ಕೂಡಿದರೆ ಡಾಕ್ಟರು ಎಫ್‌ಎಪಿ ಅಂತ ಬರೆದು ನಿಲ್ಲಿಸಬಾರದು.

ಆಪರೇಷನ್ ವಿಷಯಕ್ಕೆ ಬರೋಣ. ಎಫ್‌ಎಪಿಯಲ್ಲಿ ಒಂದಲ್ಲ ಒಂದು ದಿನ ದೊಡ್ಡ ಕರುಳನ್ನು ತೆಗೆಯಬೇಕಾಗುತ್ತದೆ. ಸುಲಿಂಡ್ಯಾಕ್, ಸೆಲೆಕಾಕ್ಸಿಬ್ ತರಹದ ಮಾತ್ರೆಗಳು ಪಾಲಿಪ್‌ಗಳನ್ನು ಒಂದಿಷ್ಟು ಕುಗ್ಗಿಸಿದ್ದು ನಿಜ. ಆದರೆ ಅವನ್ನು ನಂಬಿ ಮಕ್ಕಳ ಆಪರೇಷನ್ ಮುಂದೂಡಬಹುದು ಅನ್ನಲು ಆಧಾರವಿಲ್ಲ. ಪಥ್ಯದಿಂದ, ಕಷಾಯದಿಂದ ಕರಗಿಸುತ್ತೇವೆ ಅನ್ನುವವರ ಹತ್ತಿರ ದುಡ್ಡೂ ಸಮಯವೂ ಕಳೆದುಕೊಳ್ಳಬೇಡಿ. ಒಂದು ಸೆಂಟಿಮೀಟರ್ ದಾಟಿದ ಪಾಲಿಪ್‌ಗಳು ಹೆಚ್ಚಾಗಿದ್ದರೆ, ಬಯಾಪ್ಸಿಯಲ್ಲಿ ಕೆಟ್ಟ ಬದಲಾವಣೆ ಕಂಡರೆ, ರಕ್ತ ಸೋರಿ ಸೊರಗುತ್ತಿದ್ದರೆ ಬೇಗ ಮಾಡಬೇಕು. ಇಲ್ಲದಿದ್ದರೆ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಶುರುವಿನಲ್ಲೋ ಮಾಡುವುದು ರೂಢಿ. ಓದು, ಮನಸ್ಥಿತಿ, ಮನೆಯ ಪರಿಸ್ಥಿತಿ ಎಲ್ಲವನ್ನೂ ನೋಡಿ ದಿನ ಗೊತ್ತು ಮಾಡಿ ಅಂತ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಎಸ್ಸೆಸ್ಸೆಲ್ಸಿ ವರ್ಷದಲ್ಲೇ ಮಾಡಬೇಕಾ, ಪಿಯುಸಿ ಮುಗಿದ ರಜೆಗೆ ಇಟ್ಟುಕೊಳ್ಳಬಹುದಾ ಅಂತ ಸರ್ಜನ್ ಹತ್ತಿರ ಧೈರ್ಯವಾಗಿ ಕೇಳಬಹುದು.

ಆಪರೇಷನ್‌ನಲ್ಲಿ ಎರಡು ದಾರಿ. ಗುದನಾಳ ಉಳಿಸಿಕೊಂಡು ಸಣ್ಣ ಕರುಳನ್ನು ಅದಕ್ಕೆ ಜೋಡಿಸುವುದು ಒಂದು. ಇದರಲ್ಲಿ ಚೇತರಿಕೆ ಸುಲಭ, ದಿನಕ್ಕೆ ಮೂರ್ನಾಲ್ಕು ಸಲ ಕಕ್ಕಸಿಗೆ ಹೋದರಾಯಿತು. ಆದರೆ ಉಳಿದ ಗುದನಾಳವನ್ನು ಜೀವನಪೂರ್ತಿ ನೋಡುತ್ತಿರಬೇಕು. ಗುದನಾಳವನ್ನೂ ತೆಗೆದು ಸಣ್ಣ ಕರುಳಿನಿಂದಲೇ ಚೀಲ ಮಾಡಿ ಕೂರಿಸುವುದು ಇನ್ನೊಂದು. ಕ್ಯಾನ್ಸರ್ ಭಯ ಇನ್ನೂ ಕಡಿಮೆ, ಆದರೆ ಆಪರೇಷನ್ ದೊಡ್ಡದು. ಹೆಣ್ಣುಮಕ್ಕಳಲ್ಲಿ ಮುಂದೆ ಗರ್ಭ ನಿಲ್ಲುವುದು ಕಷ್ಟವಾಗಬಹುದು. ಡೆಸ್ಮಾಯ್ಡ್ ಅನ್ನುವ ಗಟ್ಟಿ ಗಡ್ಡೆಯ ಭಯವೂ ಇದೆ. ಆಪರೇಷನ್ ಆದ ಮೇಲೆ ಹೊಟ್ಟೆಯಲ್ಲಿ ಬೆಳೆಯುವ ಇದು ಹೆಣ್ಣುಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಡೆಸ್ಮಾಯ್ಡ್ ಆಗಿದ್ದರೆ ಆಪರೇಷನ್ ತಡ ಮಾಡುವುದೇ ಒಳ್ಳೆಯದಿರಬಹುದು. 16 ವರ್ಷದ ಹುಡುಗಿಯ ಆಪರೇಷನ್ ಬಗ್ಗೆ ಮಾತಾಡುವಾಗ ಇದನ್ನೆಲ್ಲ ಅವಳ ಎದುರೇ ಹೇಳಬೇಕು.

ಕೊಲೊನೋಸ್ಕೊಪಿಯ ದಿನಕ್ಕಿಂತ ಹಿಂದಿನ ದಿನವೇ ಮಕ್ಕಳಿಗೆ ಕಷ್ಟ. ಹೊಟ್ಟೆ ತೊಳೆಯುವ ಔಷಧಿ ಉಪ್ಪುಪ್ಪು, ಲೀಟರುಗಟ್ಟಲೆ ಕುಡಿಯಬೇಕು. ತಣ್ಣಗೆ ಮಾಡಿ, ಸ್ವಲ್ಪ ಸ್ವಲ್ಪ ಕೊಡಿ. ಎಳನೀರು, ಸೋಸಿದ ನಿಂಬೆ ಪಾನಕ ನಡೆಯುತ್ತದೆ. ಹಾಲು, ಮಜ್ಜಿಗೆ ನಡೆಯುವುದಿಲ್ಲ. ಕೆಂಪು ಬಣ್ಣದ ಯಾವ ಪಾನೀಯವೂ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಹುಡುಗಾಟ ಅನ್ನಿಸಿದರೂ ಹೇಳುತ್ತೇನೆ: ಈ ತಯಾರಿ ಸರಿ ಆಗದಿದ್ದರೆ ಸಣ್ಣ ಪಾಲಿಪ್‌ಗಳು ಕಣ್ಣಿಗೆ ಬೀಳುವುದಿಲ್ಲ, ಅಷ್ಟೂ ಶ್ರಮ ವ್ಯರ್ಥ.

ಇಷ್ಟೆಲ್ಲ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ 1924ರಿಂದಲೇ ಈ ಕುಟುಂಬಗಳ ದಾಖಲೆ ಪುಸ್ತಕ ಇಟ್ಟಿದೆ. ಡೆನ್ಮಾರ್ಕ್ 1971ರಲ್ಲಿ ಇಡೀ ದೇಶಕ್ಕೆ ಒಂದು ದಾಖಲೆ ಶುರು ಮಾಡಿತು. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಕಂಡರೆ ಉಳಿದವರಿಗೆ ಕಾಗದ ಹೋಗುತ್ತದೆ, ಬಂದು ತೋರಿಸಿಕೊಳ್ಳಿ ಅಂತ. ತೊಂದರೆ ಬಂದ ಮೇಲೆ ತಾವಾಗಿ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆಗಲೇ ಕ್ಯಾನ್ಸರ್ ಆಗಿರುತ್ತಿತ್ತು. ಕರೆಸಿಕೊಂಡು ನೋಡಿದವರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ. ಇಲ್ಲಿ ಹೊಸ ಔಷಧಿ ಏನಿಲ್ಲ. ಒಂದು ಪುಸ್ತಕ, ಒಂದು ಕಾಗದ, ಅಷ್ಟೇ.

ನಮ್ಮಲ್ಲಿ ಆ ಕಾಗದ ಬರುವುದಿಲ್ಲ. ಪುಸ್ತಕ ಇಡಬೇಕಾದವರು ಮನೆಯವರೇ. ಆದರೆ ಮನೆಗಳಲ್ಲಿ ಮಾತೇ ಹೊರಡುವುದಿಲ್ಲ. 'ದೊಡ್ಡಪ್ಪ ಹೊಟ್ಟೆ ನೋವಿನಿಂದ ಹೋದರು' ಅಂತ ಹೇಳಿ ನಿಲ್ಲಿಸುತ್ತೇವೆ. ಗೊತ್ತಾದರೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿ ಬರುವುದಿಲ್ಲ ಅನ್ನುವ ಭಯ ಸುಳ್ಳೇನಲ್ಲ. ವಿಮೆಯ ಭಯವೂ ಇದೆ. ವಂಶದ ಕಾಯಿಲೆ ಅಂತ ಹೇಳಿ ವಿಮೆ ನಿರಾಕರಿಸುವುದು ತಾರತಮ್ಯ ಅಂತ 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬೇಡಿ ಅಂತ ವಿಮಾ ನಿಯಂತ್ರಣ ಪ್ರಾಧಿಕಾರವೂ ಅದೇ ವರ್ಷ ಕಂಪನಿಗಳಿಗೆ ಸೂಚಿಸಿತು. ಅಮೆರಿಕದಲ್ಲಿ 2008ರಿಂದ ಇದಕ್ಕೆಂದೇ ಕಾನೂನಿದೆ. ಅಂಥದ್ದು ನಮಗೂ ಬೇಕು. ಅಲ್ಲಿಯ ತನಕ ಮುಚ್ಚಿಡುವ ಮನೆಗಳನ್ನು ಬೈದು ಪ್ರಯೋಜನವಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು 18 ದಾಟಿದ ಹುಡುಗಿಯರ ಬಗ್ಗೆ. ಮಕ್ಕಳ ಡಾಕ್ಟರು 'ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ' ಅನ್ನುತ್ತಾರೆ. ಅದೇ ಹೊತ್ತಿಗೆ ಮದುವೆಯಾಗಿ ಬೇರೆ ಊರು, ಬೇರೆ ಮನೆ. ಪರೀಕ್ಷೆಯ ದಿನ ನೆನಪಿಟ್ಟಿದ್ದ ಅಮ್ಮ ತವರಿನಲ್ಲಿ ಉಳಿಯುತ್ತಾಳೆ. ಅತ್ತೆ ಮನೆಯಲ್ಲಿ ಎರಡು ದಿನ ಉಪವಾಸ ಯಾಕೆ ಅಂತ ಕೇಳಿದರೆ ಏನು ಹೇಳುವುದು ಅಂತ ಅವಳು ಒಂದು ವರ್ಷ ಬಿಡುತ್ತಾಳೆ, ಆಮೇಲೆ ಇನ್ನೊಂದು. ಪ್ಯೂಟ್ಸ್-ಜೆಗರ್ಸ್ ಇದ್ದರೆ 30ರ ಹೊತ್ತಿಗೆ ಸ್ತನದ ಪರೀಕ್ಷೆಯೂ ಶುರುವಾಗಬೇಕು. ಅದನ್ನು ನೆನಪಿಸುವವರೇ ಇರುವುದಿಲ್ಲ.

ಅವಳ ಜೊತೆ ಮೂರು ಕಾಗದ ಹೋಗಬೇಕು. ಪಾಲಿಪ್‌ನ ಬಯಾಪ್ಸಿ ವರದಿ, ಜೀನ್ ಪರೀಕ್ಷೆಯ ವರದಿ, ಕೊನೆಯ ಕೊಲೊನೋಸ್ಕೊಪಿಯ ವರದಿ ಮತ್ತು ಅದರ ಮೇಲೆ ಪೆನ್ನಿನಲ್ಲಿ ಬರೆದ ಮುಂದಿನ ತಾರೀಖು. ಜೆರಾಕ್ಸ್ ಮಾಡಿಸಿ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಸೂಟ್‌ಕೇಸಿನಲ್ಲಿ ಇಡಿ, ಅವಳ ಫೋನಿನಲ್ಲೂ ಫೋಟೋ ತೆಗೆದಿಡಿ. ಮುಂದೆ ಅವಳ ಮಗುವಿಗೆ ಪರೀಕ್ಷೆ ಮಾಡಿಸುವಾಗ ಲ್ಯಾಬಿನವರು ಮೊದಲು ಕೇಳುವುದು, ಯಾವ ಜೀನಿನಲ್ಲಿ ಯಾವ ಅಕ್ಷರ ತಪ್ಪು ಅಂತ. ಅದು ಆ ಫೈಲಿನ ಎರಡನೇ ಹಾಳೆಯಲ್ಲಿ ಇರುತ್ತದೆ.